ಅಳೆಯದ ಮರ ಸೊನ್ನೆಯಲ್ಲ

ಉಮರ್ಗಾ, ನಿಲಂಗಾ, ಉದಗೀರ ಭಾಗದ ರೈತ ಬಾಂಧವರೇ, ಹೊಲ ಸರಕಾರಕ್ಕೆ ಹೋಗುವಾಗ ಒಡ್ಡಿನ ಮರಗಳಿಗೂ ಬೆಲೆ ಕಟ್ಟುವುದುಂಟು. ಸುತ್ತಳತೆ, ಎತ್ತರ ಕೊಟ್ಟರೆ ಕಟ್ಟಿಗೆಯ ಲೆಕ್ಕ ಹೇಳುವ ಗಣಕಯಂತ್ರಗಳೂ ಈಗ ಬಂದಿವೆ. ನೆಲದಿಂದ 1.37 ಮೀಟರು ಮೇಲೆ ಸುತ್ತಳತೆ ಹಿಡಿಯುವುದು ಸುಲಭ, ತೊಡಕು ಎತ್ತರದ್ದು. ಅಳೆಯಲಾಗದ ಕಡೆ ಕೆಲವರು ಸೊನ್ನೆ ಹಾಕಿಬಿಡುತ್ತಾರೆ. ಮರಾಠಿ ನಮೂನೆಯಲ್ಲಿ ‘ನಿರಂಕ’ ಎಂದು ಗೀಚಿದರೂ ಅಷ್ಟೇ! ಯಂತ್ರಕ್ಕೇನು ಮರ ಕಾಣುವುದೇ? 10 ಮೀಟರಿನದೊಂದು, 8 ಮೀಟರಿನದೊಂದು ಬೇವಿನ ಜೊತೆಗೆ ಅಳೆಯದ ಮೂರನೆಯದಕ್ಕೆ ಸೊನ್ನೆ ಬರೆದರೆ ಸರಾಸರಿ 9ರಿಂದ 6ಕ್ಕಿಳಿಯಿತು. ಜಾಗ ಖಾಲಿ ಬಿಟ್ಟರೆ, ಅದೇ ಜಾತಿಯ, ಅಷ್ಟೇ ದಪ್ಪದ ಮರಗಳಿಂದ ಎತ್ತರ ಅಂದಾಜಿಸಬಹುದು. ನಾವು ಹೇಳುವುದಿಷ್ಟೇ: ಸಹಿಗೆ ಮುಂಚೆ ಕಾಗದ ಓದಿಸಿಕೊಳ್ಳಿರಿ, ಎತ್ತರದ ಜಾಗದಲ್ಲಿ ಸೊನ್ನೆಯಿದ್ದರೆ ಹೊಡೆಸಿ, ‘ಅಳೆದಿಲ್ಲ’ ಎಂದು ಬರೆಸಿರಿ.