ಅಡ್ಜಸ್ಟ್ ಮಾಡ್ಕೊಳ್ಳೋ ಮೊದಲು ರೇಡಿಯೇಟರ್ ಮುಟ್ಟಿ ನೋಡಿ

ಪ್ರತಿ ಸೆಪ್ಟೆಂಬರ್‌ನಲ್ಲಿ ಹೊಸದಾಗಿ ಬರೋ ಗೆಳೆಯರು ಕೇಳೋ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ: ಸೋನಾ ಮಸೂರಿ ಎಲ್ಲಿ ಸಿಗುತ್ತೆ, ಕುಕ್ಕರ್ ತರಬೇಕಾ, ಜಾಕೆಟ್ ಅಲ್ಲೇ ತಗೊಳ್ಳೋದಾ? ಮನೆ ಬೆಚ್ಚಗಾಗದಿದ್ದರೆ ಏನು ಮಾಡಬೇಕು ಅಂತ ಯಾರೂ ಕೇಳಲ್ಲ. ನವೆಂಬರ್ ಬಂದ ಮೇಲೆ ಅದೇ ದೊಡ್ಡ ಪ್ರಶ್ನೆ.

ಲೀಡ್ಸ್‌ನ ಹೈಡ್ ಪಾರ್ಕ್, ಹೆಡಿಂಗ್ಲಿ ಕಡೆ ನಾವು ಬಾಡಿಗೆಗೆ ಹಿಡಿಯೋದು ಬಹುಪಾಲು ನೂರು ವರ್ಷ ದಾಟಿದ ಇಟ್ಟಿಗೆಯ ಸಾಲುಮನೆಗಳು. ಅಲ್ಲಿ ರೇಡಿಯೇಟರ್ ತಣ್ಣಗಿದ್ದರೆ ನಮ್ಮವರು ಮಾಡೋದು ಏನು? ಮೊದಲು ಎರಡು ಸ್ವೆಟರ್, ಆಮೇಲೆ ಅಮ್ಮ ಕಳಿಸಿದ ಮಂಕಿ ಕ್ಯಾಪ್, ಕೊನೆಗೆ ಪ್ಲಗ್ ಹೀಟರ್. ಈ ದೇಶದಲ್ಲಿ ಕರೆಂಟಿನ ಒಂದು ಯೂನಿಟ್‌ಗೆ ಗ್ಯಾಸಿನ ಹೆಚ್ಚುಕಡಿಮೆ 4 ಪಟ್ಟು ದುಡ್ಡು. 'ಇನ್ನು ನಾಲ್ಕು ತಿಂಗಳು ತಾನೇ, ಅಡ್ಜಸ್ಟ್ ಮಾಡ್ಕೊಳ್ಳೋಣ' ಅನ್ನೋ ಮಾತು ಬೇರೆ.

ಅಡ್ಜಸ್ಟ್ ಮಾಡ್ಕೊಳ್ಳೋದು ಒಳ್ಳೆ ಗುಣವೇ. ಒಂದು ಬಾತ್‌ರೂಮನ್ನು ಐದು ಜನ ಹಂಚಿಕೊಳ್ಳೋಕೆ ಅದು ಬೇಕೇ ಬೇಕು. ಆದರೆ ಅದು ಮನುಷ್ಯರ ಜೊತೆ ಇಟ್ಟುಕೊಳ್ಳಬೇಕಾದ ಗುಣ, ಕೆಟ್ಟ ವಾಲ್ವ್ ಜೊತೆ ಅಲ್ಲ. ರೇಡಿಯೇಟರ್ ಯಾಕೆ ತಣ್ಣಗಿದೆ ಅಂತ ಹತ್ತು ನಿಮಿಷ ಪತ್ತೆ ಮಾಡಿ, ನಮ್ಮ ಕೈಲಾಗೋದನ್ನು ಮಾಡಿ, ಉಳಿದಿದ್ದನ್ನು ಓನರ್‌ಗೆ ಬರೆದು ಕೇಳಬೇಕು ಅನ್ನೋದು ನಮ್ಮ ವಾದ.

ಪತ್ತೆ ಮಾಡೋಕೆ ಡಿಗ್ರಿ ಬೇಡ. ಬಾಯ್ಲರ್ ನೀರು ಕಾಯಿಸುತ್ತೆ, ಪಂಪು ಅದನ್ನು ಪ್ರತಿ ರೇಡಿಯೇಟರ್‌ಗೆ ತಳ್ಳುತ್ತೆ, ತಣ್ಣಗಾದ ನೀರು ವಾಪಸ್ ಬರುತ್ತೆ. ಇಷ್ಟೇ. ಹೀಟಿಂಗ್ ಆನ್ ಮಾಡಿ ಅರ್ಧ ಗಂಟೆ ಬಿಟ್ಟು, ಎಲ್ಲಿ ತಣ್ಣಗಿದೆ ಅಂತ ಹುಷಾರಾಗಿ ಕೈಯಿಟ್ಟು ನೋಡಿ.

ಕೆಳಗೆ ಬಿಸಿ, ಮೇಲೆ ತಣ್ಣಗಿದ್ದರೆ ಒಳಗೆ ಗಾಳಿ ಸೇರಿದೆ. ಊರಲ್ಲಿ ಟ್ಯಾಂಕ್ ಖಾಲಿಯಾಗಿ ಮತ್ತೆ ತುಂಬಿದಾಗ ನಲ್ಲಿ ಬುಸ್ ಬುಸ್ ಅನ್ನಲ್ವಾ, ಅದೇ ಗಾಳಿ. ಹೀಟಿಂಗ್ ಆಫ್ ಮಾಡಿ, ತಣ್ಣಗಾದ ಮೇಲೆ, ಮೇಲಿನ ಮೂಲೆಯ ಪುಟ್ಟ ಸ್ಕ್ರೂವನ್ನು ರೇಡಿಯೇಟರ್ ಕೀಯಿಂದ ಕಾಲು ಸುತ್ತು ತಿರುಗಿಸಿ. ಕೆಳಗೆ ಒಂದು ಹಳೇ ಬಟ್ಟೆ ಹಿಡಿದಿರಿ. ಗಾಳಿ ಹೋಗಿ ನೀರು ಬಂದ ಕೂಡಲೇ ಮುಚ್ಚಿ. ಆಮೇಲೆ ಬಾಯ್ಲರ್‌ನ ಪ್ರೆಷರ್ ನೋಡಿ. ತಣ್ಣಗಿದ್ದಾಗ ಸಾಮಾನ್ಯವಾಗಿ 1ರಿಂದ 1.5 ಬಾರ್ ಇರಬೇಕು. ಕಡಿಮೆ ಇದ್ದರೆ ನೀರು ತುಂಬಿಸೋದು ಹೇಗೆ ಅಂತ ಓನರ್‌ನ ಕೇಳಿ. ವಾರ ವಾರವೂ ಇಳೀತಿದ್ದರೆ ಎಲ್ಲೋ ಸೋರ್ತಿದೆ ಅನ್ನೋ ಅನುಮಾನ ಬರಬೇಕು.

ಮೇಲೆ ಬಿಸಿ, ಕೆಳಗೆ ನಡುಭಾಗ ತಣ್ಣಗಿದ್ದರೆ ತುಕ್ಕಿನ ಕಪ್ಪು ಕೆಸರು ಕೂತಿರುತ್ತೆ. ಅದನ್ನು ತೊಳೆಸೋದು ನಮ್ಮ ಕೆಲಸ ಅಲ್ಲ. ಒಂದೇ ರೇಡಿಯೇಟರ್ ಪೂರ್ತಿ ತಣ್ಣಗಿದ್ದರೆ ಪಕ್ಕದ ವಾಲ್ವ್ ತಿರುಗಿಸಿ ನೋಡಿ. ಬೇಸಿಗೆಯಿಡೀ ಮುಚ್ಚಿದ್ದ ವಾಲ್ವ್‌ನ ಒಳಗಿನ ಕಡ್ಡಿ ಸಿಕ್ಕಿಹಾಕಿಕೊಳ್ಳೋದು ಮಾಮೂಲಿ. ಇಕ್ಕಳ ಹಾಕಿ ಎಳೆಯೋಕೆ ಮಾತ್ರ ಹೋಗಬೇಡಿ, ನೀರು ಚಿಮ್ಮಬಹುದು. ಬಾಯ್ಲರ್ ಹತ್ತಿರದವು ಕಾದು, ದೂರದ ಅಟ್ಟದ ರೂಮಿನದು ಮಾತ್ರ ಕಾಯದಿದ್ದರೆ ನೀರು ಸಮವಾಗಿ ಹಂಚಿಕೆ ಆಗ್ತಿಲ್ಲದೇ ಇರಬಹುದು. ನಲ್ಲಿಯಲ್ಲಿ ಬಿಸಿನೀರು ಬರ್ತಿದ್ದೂ ಯಾವ ರೇಡಿಯೇಟರೂ ಕಾಯದಿದ್ದರೆ ಮೊದಲು ಟೈಮರ್, ಥರ್ಮೋಸ್ಟಾಟ್ ನೋಡಿ. ಅವು ಸರಿಯಿದ್ದರೆ ತೊಂದರೆ ಬಾಯ್ಲರ್ ಕಡೆಗಿದೆ. ಬಾಯ್ಲರ್ ಬಿಚ್ಚೋ ಸಾಹಸ ಯಾರೂ ಮಾಡಬಾರದು. ಅದು ಗ್ಯಾಸ್ ಸೇಫ್ ನೋಂದಣಿ ಇರೋ ಇಂಜಿನಿಯರ್ ಕೆಲಸ. ನಮ್ಮ ಬಿ.ಇ. ಅಲ್ಲಿ ನಡೆಯಲ್ಲ.

ಇಷ್ಟೆಲ್ಲಾ ಯಾಕೆ ಅಂದ್ರೆ, ಚಳಿ ಬರೀ ಚಳಿಯಾಗಿ ಉಳಿಯಲ್ಲ. ತಣ್ಣನೆ ಗೋಡೆ ಮೇಲೆ ತೇವ ಕೂತು ಬೂಷ್ಟು ಹಿಡಿಯುತ್ತೆ. ಆಗ 'ನೀವು ಜಾಸ್ತಿ ಅಡುಗೆ ಮಾಡ್ತೀರಿ, ಬಟ್ಟೆ ಒಳಗೆ ಒಣಗಿಸ್ತೀರಿ' ಅಂತ ತಪ್ಪು ನಮ್ಮ ತಲೆಗೇ ಬರುತ್ತೆ. ಕಿಟಕಿ ತೆಗೀಬೇಕು, ನಿಜ. ಆದರೆ ಕಾಯದ ರೇಡಿಯೇಟರ್‌ಗೂ ನಮ್ಮ ಸಾರಿಗೂ ಏನು ಸಂಬಂಧ? ರಾಚ್‌ಡೇಲ್‌ನಲ್ಲಿ 2020ರ ಡಿಸೆಂಬರ್‌ನಲ್ಲಿ ಅವಾಬ್ ಇಶಾಕ್ ಅನ್ನೋ ಎರಡು ವರ್ಷದ ಮಗು ತೀರಿಕೊಂಡಿತು. ಮನೆಯ ಬೂಷ್ಟೇ ಕಾರಣ ಅಂತ 2022ರಲ್ಲಿ ವಿಚಾರಣೆ ತೀರ್ಮಾನಿಸಿತು. ಸುಡಾನಿನಿಂದ ಬಂದ ಆ ಕುಟುಂಬ ದೂರು ಕೊಟ್ಟಾಗಲೂ ಬೆರಳು ತೋರಿಸಿದ್ದು ಅವರ ಜೀವನಶೈಲಿಯ ಕಡೆಗೇ. ಹೊರಗಿಂದ ಬಂದವರು ಇದನ್ನು ಮರೆಯಬಾರದು.

ಕಾನೂನು ನಮ್ಮ ಪರ ಇದೆ. 1985ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಆಕ್ಟ್‌ನ 11ನೇ ಸೆಕ್ಷನ್ ಪ್ರಕಾರ, ಇಂಗ್ಲೆಂಡಿನ ನಮ್ಮಂಥ ಬಾಡಿಗೆ ಮನೆಗಳಲ್ಲಿ ಹೀಟಿಂಗ್ ಮತ್ತು ಬಿಸಿನೀರಿನ ವ್ಯವಸ್ಥೆಯನ್ನು ಸುಸ್ಥಿತಿಯಲ್ಲಿ ಇಡೋದು ಓನರ್ ಜವಾಬ್ದಾರಿ. ಗ್ಯಾಸ್ ತಪಾಸಣೆ ವರ್ಷಕ್ಕೊಮ್ಮೆ ಆಗಲೇಬೇಕು. ಮಾಡದಿದ್ದರೆ ಕೌನ್ಸಿಲ್‌ಗೆ ದೂರು ಕೊಡಬಹುದು. 2004ರ ಹೌಸಿಂಗ್ ಆಕ್ಟ್ ಅಡಿ ಮನೆಯ ಅಪಾಯಗಳನ್ನು ಅಳೆಯುವಾಗ ಅತಿಯಾದ ಚಳಿಯೂ ಆ ಪಟ್ಟಿಯಲ್ಲಿದೆ.

'ದೂರು ಕೊಟ್ರೆ ಓನರ್ ಮುನಿಸ್ಕೋತಾರೆ, ಡಿಪಾಸಿಟ್ ಹಿಡ್ಕೋತಾರೆ' ಅನ್ನೋ ಭಯ ನಮ್ಮ ಹುಡುಗ ಹುಡುಗಿಯರಲ್ಲಿ ಇದೆ. ಅದು ಸುಳ್ಳು ಭಯ ಅಂತ ತಳ್ಳಿಹಾಕಲ್ಲ. ಅದಕ್ಕೇ ಫೋನಲ್ಲಿ ಗೊಣಗೋದಕ್ಕಿಂತ ಬರವಣಿಗೆ ಮೇಲು. 'ಮನೆ ತುಂಬಾ ಚಳಿ ಸಾರ್' ಅಂದ್ರೆ ಸ್ವೆಟರ್ ಹಾಕ್ಕೊಳ್ಳಿ ಅನ್ನೋ ಉತ್ತರ ಬರುತ್ತೆ. 'ಅಟ್ಟದ ರೂಮಿನ ರೇಡಿಯೇಟರ್ ಕೆಳಭಾಗ ತಣ್ಣಗಿದೆ, ಗಾಳಿ ತೆಗೆದಿದ್ದೇವೆ, ಪ್ರೆಷರ್ 1.3 ಇದೆ, ರೂಮು 14 ಡಿಗ್ರಿ, ಫೋಟೋ ಲಗತ್ತಿಸಿದೆ' ಅಂತ ಐದೂ ಜನರ ಹೆಸರಲ್ಲಿ ಇಮೇಲ್ ಹೋದರೆ ಜಾರಿಕೊಳ್ಳೋದು ಕಷ್ಟ. ದಿನಾಂಕದ ಸಮೇತ ದಾಖಲೆ ಉಳಿಯುತ್ತೆ. ಡಿಪಾಸಿಟ್ ಜಗಳ ಬಂದಾಗ ನೆರವಾಗೋದೂ ಅದೇ.

ನಮ್ಮ ಸಂಘ ಯುಗಾದಿಗೆ ಒಬ್ಬಟ್ಟು ಹಂಚುತ್ತೆ, ರಾಜ್ಯೋತ್ಸವಕ್ಕೆ ಹಾಡಿಸುತ್ತೆ. ಅದೇ ನವೆಂಬರ್‌ನಲ್ಲಿ ಒಂದು ಶನಿವಾರ ಸೀನಿಯರ್‌ಗಳು ಹೊಸಬರ ಮನೆಗೆ ಹೋಗಿ, ಒಂದೊಂದು ರೇಡಿಯೇಟರ್ ಕೀ ಕೊಟ್ಟು, ಹೇಗೆ ನೋಡೋದು, ಹೇಗೆ ಬರೆಯೋದು ಅಂತ ತೋರಿಸಿಕೊಟ್ಟರೆ ಆಗಲ್ವಾ? ಕೀ ಬೆಲೆ ಒಂದೆರಡು ಪೌಂಡ್. ಮುಂದಿನ ಸಮಿತಿ ಇದನ್ನು ಮೊದಲ ಮೀಟಿಂಗ್‌ನಲ್ಲೇ ತಗೊಳ್ಳಲಿ.