‘ಆರಾಮ ಅದೀನಿ’ ಅನ್ನೋದರ ಜೊತೆ ಇನ್ನೊಂದು ಮಾತು

ಮನೆಯಿಂದ ಫೋನ್ ಬರುತ್ತೆ. ‘ಊಟ ಆತಾ?’ ‘ಆತು.’ ‘ಆರಾಮ ಅದೀಯಾ?’ ‘ಹೂಂ, ಆರಾಮ ಅದೀನಿ.’ ‘ಚೆನ್ನಾಗಿ ಓದು.’ ‘ಹೂಂ.’ ಅಷ್ಟೇ, ಕಾಲ್ ಕಟ್. ಹೊಸಪೇಟೆ, ಸಂಡೂರು, ಕಂಪ್ಲಿ, ಹಂಪಿ ಯಾವ ಕಡೆಯವರೇ ಆಗಲಿ, ನಮ್ಮ ಬಹುತೇಕರ ಮನೆಮಾತು ಒಂದು ನಿಮಿಷ ದಾಟಲ್ಲ. ಎರಡು ಸಬ್ಜೆಕ್ಟ್ ಬ್ಯಾಕ್ ಬಿದ್ದಿದ್ರೂ, ವಾರದಿಂದ ಸರಿಯಾಗಿ ನಿದ್ದೆ ಬರದಿದ್ರೂ ನಮ್ಮ ಉತ್ತರ ಅದೇ: ಆರಾಮ.

ಮನೆಯವರಿಗೆ ಯಾಕೆ ಸುಮ್ನೆ ಟೆನ್ಶನ್ ಅನ್ನೋದು ನಮ್ಮ ಸಮರ್ಥನೆ. ಫೀಸಿಗೆ ಸಾಲ ಮಾಡಿದ ಅಪ್ಪ, ಮನೆತನದಲ್ಲೇ ಮೊದಲ ಇಂಜಿನಿಯರ್ ಅಂತ ಊರೆಲ್ಲ ಹೇಳಿಕೊಂಡ ಅಮ್ಮ, ಅವರಿಗೆ ಹೇಗೆ ಹೇಳೋದು? ಪ್ರೀತಿಯಿಂದಲೇ ಮುಚ್ಚಿಡ್ತೀವಿ, ಒಪ್ಪೋಣ. ಆದರೆ ರಿಸಲ್ಟ್ ಬಂದ ದಿನ ಹೇಳಿದರೆ ಒಂದು ರಾತ್ರಿಯ ಬೈಗುಳದಲ್ಲಿ ಮುಗಿಯೋ ವಿಷಯ, ಆರು ತಿಂಗಳು ಮುಚ್ಚಿಟ್ಟರೆ ದೊಡ್ಡ ಭಯವಾಗಿ ಬೆಳೆಯುತ್ತೆ. ಆಮೇಲೆ ಫೇಲಾದದ್ದಕ್ಕಿಂತ ಸಿಕ್ಕಿಬೀಳೋದೇ ದೊಡ್ಡ ಚಿಂತೆ.

ಈ ಮೌನ ನಾವೇ ಕಂಡುಹಿಡಿದದ್ದೂ ಅಲ್ಲ, ಮನೆಯಲ್ಲೇ ಕಲಿತದ್ದು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ಸಂಡೂರು, ಹೊಸಪೇಟೆಯ ಎಷ್ಟೋ ಲಾರಿಗಳು ಹಾಗೇ ನಿಂತವು. ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ಆಗ ನಾವು ಅಂಗನವಾಡಿ, ಒಂದನೇ ಕ್ಲಾಸಿನ ಮಕ್ಕಳು. ದೊಡ್ಡವರು ನಮ್ಮನ್ನು ಕೂರಿಸಿಕೊಂಡು ‘ಈಗ ಕಷ್ಟ ಐತಿ’ ಅಂತ ಹೇಳಲಿಲ್ಲ. ದನಿ ಏರಿದಾಗ, ತಟ್ಟೆ ಸದ್ದಾದಾಗ ನಾವೇ ಅರ್ಥ ಮಾಡಿಕೊಂಡೆವು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ಕಡಿದು ಗೇಟು ಕೊಚ್ಚಿಕೊಂಡು ಹೋದಾಗಲೂ ಹಾಗೇ. ಬೆಳೆಗೆ ನೀರು ಉಳಿಯುತ್ತೋ ಇಲ್ವೋ ಅಂತ ಕಂಪ್ಲಿ ಕಡೆಯ ರೈತರು ನಿದ್ದೆಗೆಟ್ಟಿದ್ದ ದಿನಗಳಲ್ಲೂ ಮಕ್ಕಳಿಗೆ ಫೋನಿನಲ್ಲಿ ‘ನೀ ಓದ್ಕೊ, ಇಲ್ಲಿ ಎಲ್ಲಾ ಆರಾಮ’ ಅಂದ ಅಪ್ಪಂದಿರು ಇದ್ದೇ ಇರ್ತಾರೆ. ಅವರು ನಮಗೆ ಹೇಳಲ್ಲ, ನಾವು ಅವರಿಗೆ ಹೇಳಲ್ಲ. ಎರಡೂ ಕಡೆ ಆರಾಮ.

ಇದಕ್ಕೆ ಔಷಧಿ ದೂರದಲ್ಲಿಲ್ಲ ಅನ್ನೋದನ್ನ ದೇಶಕ್ಕೆ ತೋರಿಸಿದ್ದು ನಮ್ಮ ನೆಲವೇ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಶುರು ಮಾಡಿತು. ಇವತ್ತು ಹೊಸಪೇಟೆ, ಹಂಪಿ ವಿಜಯನಗರ ಜಿಲ್ಲೆಗೆ ಸೇರಿವೆ, ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಇವೆ. ಆಗ ಎಲ್ಲವೂ ಒಂದೇ ಜಿಲ್ಲೆ. ಮನಸ್ಸಿನ ಕಾಯಿಲೆ ಅಂದರೆ ಬೆಂಗಳೂರು, ಧಾರವಾಡದ ದೊಡ್ಡ ಆಸ್ಪತ್ರೆಗೇ ಹೋಗಬೇಕು ಅನ್ನೋ ಕಾಲ ಅದು. ಈ ಯೋಜನೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಜ್ವರಕ್ಕೆ ತೋರಿಸೋ ಜಾಗದಲ್ಲೇ ಮನಸ್ಸಿಗೂ ಚಿಕಿತ್ಸೆ ಸಿಗೋ ಹಾಗೆ ಮಾಡಿದರು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ತಂದಾಗ ಇದನ್ನೇ ಮಾದರಿಯಾಗಿ ಇಟ್ಟುಕೊಂಡಿತು. ‘ಬಳ್ಳಾರಿ ಮಾದರಿ’ ಅಂತಲೇ ಇದಕ್ಕೆ ಹೆಸರು. ಮೈನಿಂಗ್ ಸುದ್ದಿಯಿಂದ ಬಳ್ಳಾರಿಯ ಹೆಸರು ಕೇಳಿದಷ್ಟು ಈ ಕಾರಣಕ್ಕೆ ನಾವು ಕೇಳಿಲ್ಲ.

ಆ ಯೋಜನೆಯ ತಿರುಳು ಸರಳ: ಸಣ್ಣದಿರುವಾಗಲೇ, ಹತ್ತಿರದವರ ಹತ್ತಿರ ತೋರಿಸು. ಮನೆಗೂ ಇದೇ ಅನ್ವಯಿಸುತ್ತೆ ಅನ್ನೋದು ನಮ್ಮ ವಾದ. ಚಲೋ ಸಂಬಂಧ ಅಂದರೆ ಜಗಳವೇ ಇಲ್ಲದ ಮನೆ ಅಂತಲ್ಲ. ಕೆಟ್ಟ ಸುದ್ದಿ ಹೇಳಿದ ಮೇಲೂ ರಾತ್ರಿ ಒಟ್ಟಿಗೆ ಕೂತು ಉಣ್ಣೋ ಮನೆ.

ಎಲ್ಲರ ಮನೆಯೂ ಹಾಗಿರಲ್ಲ, ಅದೂ ಗೊತ್ತು. ಬ್ಯಾಕ್ ಬಿತ್ತು ಅಂದರೆ ಹುಡುಗನಿಗೆ ಬೈಗುಳ; ಹುಡುಗಿಗೆ ‘ಸಾಕು ಓದಿದ್ದು, ಗಂಡು ನೋಡ್ತೀವಿ’ ಅನ್ನೋ ಮನೆಗಳೂ ಇವೆ. ಒಂದೇ ಮಾತು ಹೇಳೋದಕ್ಕೆ ಅವಳು ತೆರೋ ಬೆಲೆ ದೊಡ್ಡದು. ಅಂಥವರಿಗೆ ‘ಧೈರ್ಯವಾಗಿ ಹೇಳಿಬಿಡು’ ಅಂತ ಬುದ್ಧಿ ಹೇಳೋದು ಸುಲಭ, ಸರಿ ಅಲ್ಲ. ಮೊದಲು ಅಕ್ಕನಿಗೆ, ಸೋದರಮಾವನಿಗೆ, ನಂಬೋ ಒಬ್ಬ ಲೆಕ್ಚರರಿಗೆ ಹೇಳಿ, ಅವರನ್ನ ಜೊತೆಗಿಟ್ಟುಕೊಂಡು ಮನೆಗೆ ಹೇಳಬಹುದು. ಯಾರೂ ಇಲ್ಲ ಅನ್ನಿಸಿದರೆ ಸರ್ಕಾರದ ಟೆಲಿ-ಮಾನಸ್ ಇದೆ: 14416. 2022ರ ಅಕ್ಟೋಬರಿನಲ್ಲಿ ಶುರುವಾದದ್ದು. ಉಚಿತ, ದಿನದ 24 ಗಂಟೆಯೂ ಸಿಗುತ್ತೆ, ಕನ್ನಡದಲ್ಲೇ ಮಾತಾಡಬಹುದು. ‘ಅದು ಹುಚ್ಚರಿಗೆ’ ಅಂತ ರೂಮಿನಲ್ಲಿ ನಗಾಡೋರು ಒಂದು ಯೋಚಿಸಿ: ಆ ನಗು ಕೇಳಿ ಪಕ್ಕದ ಮಂಚದವನು ಫೋನ್ ಮಾಡೋದನ್ನೇ ಬಿಟ್ಟಿರಬಹುದು. ಬದುಕೇ ಬೇಡ ಅನ್ನೋ ಮಾತು ಗೆಳೆಯನ ಬಾಯಿಂದ ಬಂದರೆ ಜೋಕ್ ಅಂತ ಬಿಡಬೇಡಿ. ಆ ರಾತ್ರಿ ಅವನನ್ನ ಒಂಟಿಯಾಗಿ ಬಿಡಬೇಡಿ, ವಾರ್ಡನ್ನಿಗೋ ಮನೆಯವರಿಗೋ ತಿಳಿಸಿ. ಗುಟ್ಟು ರಟ್ಟಾಯ್ತು ಅಂತ ಅವನು ಬೈದರೆ ಬೈಸಿಕೊಳ್ಳೋಣ.

ಉಳಿದವರಿಗೆ ಕೆಲಸ ಇನ್ನೂ ಸುಲಭ. ದುಡ್ಡು ಬೇಕಾದಾಗ ಮಾತ್ರ ಫೋನ್ ಮಾಡೋದು ಬೇಡ. ‘ಆರಾಮ ಅದೀನಿ’ ಅಂದ ಮೇಲೆ ನಿಜವಾದ ಒಂದು ವಾಕ್ಯ ಸೇರಿಸೋಣ: ‘ಮ್ಯಾಥ್ಸ್ ಕಷ್ಟ ಆಗ್ತೈತಿ’, ‘ಇವತ್ತು ಯಾಕೋ ಬೇಜಾರು’. ಆಮೇಲೆ ಅವರನ್ನೂ ಕೇಳೋಣ. ‘ಶಿಫ್ಟ್ ಹೆಂಗಿತ್ತು ಅಪ್ಪಾ?’ ‘ಮೊಣಕಾಲು ನೋವು ಕಡಿಮೆ ಆತೇನಮ್ಮಾ?’ ಮೊದಲ ಸಲ ಆ ಕಡೆಯಿಂದಲೂ ‘ಆರಾಮ’ ಅಂತಲೇ ಬರುತ್ತೆ. ಎರಡನೇ ವಾರವೂ ಕೇಳೋಣ. ಮುಂದಿನ ರಿಸಲ್ಟ್ ಬರೋಕೆ ಇನ್ನೂ ಟೈಮಿದೆ, ಅಷ್ಟರಲ್ಲಿ ರೂಢಿ ಆಗಿರುತ್ತೆ.