ರೆಪ್ಪೆಯ ಬಣ್ಣ, ಪೆಟ್ಟಿಗೆಯ ಬೆಲೆ

ಈಚೆಗೆ ಕಾಲೇಜಿನ ನಾಟಕಕ್ಕೆಂದು ನಮ್ಮ ವಿದ್ಯಾರ್ಥಿನಿಯರು ಕಣ್ಣರೆಪ್ಪೆಗೆ ಬಳಿಯುವ ಬಣ್ಣಗಳ ಅಗ್ಗದ ಪೆಟ್ಟಿಗೆಯೊಂದನ್ನು ತಂದಿದ್ದರು. ಕಾಡಿಗೆಯನ್ನಲ್ಲದೆ ಬೇರೇನನ್ನೂ ಅರಿಯದ ನನ್ನ ಕಣ್ಣಿಗೂ ಅದನ್ನು ಹಚ್ಚಿಯೇ ಬಿಟ್ಟರು. (ಈ ವಯಸ್ಸಿನಲ್ಲೇ ಎಂದು ವಾಚಕರು ನಗದಿರಲಿ.) ಮೊದಲು ಪುಡಿ ಕೆನ್ನೆಗೆ ಉದುರಿತು, ನಿಜ, ಬೆರಳ ತುದಿಯಿಂದ ಒತ್ತಿ ಹಚ್ಚಿದ ಮೇಲೆ ಸಂಜೆಯವರೆಗೂ ನಿಂತಿತು. ಹಾಗಾದರೆ ಹಲವು ಪಟ್ಟು ಬೆಲೆ ತೆರುವವರು ಕೊಳ್ಳುವುದಾದರೂ ಏನನ್ನು?

ದುಬಾರಿಯ ಪುಡಿಗೆ ನುಣುಪು ಹೆಚ್ಚಿರಬಹುದು. ಮೂಲದ್ರವ್ಯಗಳು ಬಹುಮಟ್ಟಿಗೆ ಅವೇ: ಟಾಲ್ಕ್, ಅಭ್ರಕ, ಕಬ್ಬಿಣದ ಆಕ್ಸೈಡು. ಲಾಂಕೋಮ್ ಎಂಬ ಶ್ರೀಮಂತ ಹೆಸರನ್ನು 1964ರಲ್ಲಿಯೂ ಮೇಬೆಲಿನ್ ಎಂಬ ಸಾಮಾನ್ಯರ ಹೆಸರನ್ನು 1996ರಲ್ಲಿಯೂ ಕೊಂಡುದು ಲೋರಿಯಲ್ ಎಂಬ ಒಂದೇ ಫ್ರೆಂಚ್ ಸಂಸ್ಥೆ.

ಆದರೆ ನನ್ನ ಹಿಗ್ಗು ಆ ಹೊಳಪಿನ ಮುಂದೆ ನಿಲ್ಲಲಿಲ್ಲ. ಮಿನುಗುವುದು ಅಭ್ರಕ. ಜಾರ್ಖಂಡದ ಕೋಡರ್ಮಾ, ಗಿರಿಡಿಹ್ ಜಿಲ್ಲೆಗಳ ಪಾಳುಗಣಿಗಳಲ್ಲಿ ಮಕ್ಕಳು ಅದನ್ನು ಆಯುತ್ತಿದ್ದುದು, ಕೆಲವರು ಅಲ್ಲಿಯೇ ಸತ್ತುದು 2016ರಲ್ಲಿ ಪತ್ರಿಕೆಗಳಿಂದ ಬಯಲಾಯಿತು. ಮರುವರ್ಷ ಇದನ್ನು ತಡೆಯಲೆಂದು ಪ್ಯಾರಿಸ್ಸಿನಲ್ಲಿ ಕಂಪನಿಗಳ ಒಕ್ಕೂಟವೊಂದು ಹುಟ್ಟಿತು. ಆ ಅಭ್ರಕ ಅಗ್ಗದ ಪೆಟ್ಟಿಗೆಯನ್ನೂ ಸೇರಬಹುದು, ದುಬಾರಿಯದನ್ನೂ. ಬೆಲೆಚೀಟಿ ಅದನ್ನು ಹೇಳದು. ನಮ್ಮ ಹುಡುಗಿಯರ ಪೆಟ್ಟಿಗೆಯನ್ನು ತಿರುಗಿಸಿ ನೋಡಿದೆನು. ‘ಮೈಕಾ’ ಎಂದಷ್ಟೇ ಅಚ್ಚಾಗಿತ್ತು, ಊರಿನ ಹೆಸರಿರಲಿಲ್ಲ.